ಮೆಣಸಿನಕಾಯಿ ಚೀಲದೊಳಗಿನ ಫೋನು

ನಾಗರ ಪಂಚಮಿಗೆ ತವರಿಗೆ ಹೋಗದೆ ಉಳಿದ ಹೆಣ್ಣುಮಗಳನ್ನು ಕಂಡರೆ ನಮ್ಮ ಕಡೆ ಎಲ್ಲರೂ ಪಾಪ ಅನ್ನುತ್ತಾರೆ. ನನಗೆ ಯಾರ ಪಾಪವೂ ಬೇಡ. ಬೇಕಾದದ್ದು ತವರೂರು ಅಸೂಟಿಯ ಜೋಕಾಲಿ ಮತ್ತು ಅವ್ವನ ಕೈಯ ಶೇಂಗಾ ಉಂಡಿ. ತಮ್ಮ ಭೀಮೇಶ ಕರೆಯಲು ಬರುವವನಿದ್ದ. ಅಷ್ಟರಲ್ಲಿ ಗಂಡನಿಗೆ ತಲೆನೋವು ಶುರುವಾಯಿತು.

ಗಂಡನ ಹೆಸರು ರಾಯಣ್ಣ. ಬಾಯಿಬಿಟ್ಟು ಕರೆಯುವುದಿಲ್ಲ, ನಿಮಗೆ ಗುರುತಿಗೆ ಇರಲಿ ಅಂತ ಹೇಳಿದೆ. ನಮ್ಮದು ರಾಜೂರು, ಒಕ್ಕಲುತನದ ಮನೆ. ಇವರಿಗೆ ಫೋನಿನಲ್ಲಿ ಎತ್ತು ನೋಡುವ ಚಟ. ಯಾವ ಸಂತೆಯಲ್ಲಿ ಯಾವ ಜೋಡಿ ಮಾರಿತು, ಯಾವ ಹೋರಿಯ ಕೋಡು ಹೇಗಿದೆ, ಮೂರು ಹೊತ್ತೂ ಅದೇ. ಕೊಟ್ಟಿಗೆಯಲ್ಲಿ ನಮ್ಮದೇ ಎತ್ತು ಹಸಿದು ಕೂಗಿದರೆ, ಫೋನಿನದೆಂದು ತಿಳಿದು ದನಿ ಸಣ್ಣದು ಮಾಡುತ್ತಾರೆ.

ಗಜೇಂದ್ರಗಡದ ದವಾಖಾನೆಗೆ ಕರೆದೊಯ್ದೆ. “ತಾಸುಗಟ್ಲೆ ಕುತ್ತಿಗಿ ಬಗ್ಗಿಸಿ ಫೋನ್ ನೋಡಿದ್ರ ಕಣ್ಣ ದಣೀತಾವ, ಕುತ್ತಿಗಿ ಬಿಗೀತೈತಿ. ತಲಿನೋವಿಗೆ ಅದೂ ಒಂದ ಕಾರಣ ಇರಬಹುದು. ಸ್ವಲ್ಪ ದಿನ ದೂರ ಇಟ್ಟ ನೋಡ್ರಿ, ಕಡಿಮಿ ಆಗಲಿಲ್ಲಂದ್ರ ಮತ್ತ ಬರ್ರಿ,” ಅಂದರು ಡಾಕ್ಟರು. ಇವರು ಹೊರಗೆ ಬಂದವರೇ ಮೆಟ್ಟಿಲ ಮೇಲೆ ಕುಳಿತು, ಡಾಕ್ಟರು ಹೇಳಿದ್ದು ಖರೆಯೋ ಸುಳ್ಳೋ ಎಂದು ಫೋನಿನಲ್ಲಿ ಹುಡುಕತೊಡಗಿದರು.

ಅತ್ತೆ ಫಕೀರವ್ವ ಡಾಕ್ಟರ ಮಾತು ಕೇಳಿ ಮೂಗು ಮುರಿದರು. “ಫೋನಿಗೆ ತಲಿ ನೋಯೂದಾದ್ರ ಊರಿಗೆ ಊರ ಮಲಗಬೇಕಿತ್ತ. ಇದು ದೃಷ್ಟಿ.” ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ದೃಷ್ಟಿಯಾಗಿದ್ದರೆ ಘಾಟು ಬರುವುದಿಲ್ಲವಂತೆ. ನಾವೆಲ್ಲ ಕೆಮ್ಮುತ್ತ ಅಂಗಳಕ್ಕೆ ಓಡಿದೆವು. ಅತ್ತೆ ಮಾತ್ರ ಹೊಗೆಯೊಳಗೆ ಕಣ್ಣೀರು ಸುರಿಸುತ್ತ ನಿಂತು, “ನೋಡ್ರಿ, ಒಂಚೂರೂ ಘಾಟ ಇಲ್ಲ,” ಅಂದರು. ಆಮೇಲೆ ನನ್ನ ಕಡೆ ತಿರುಗಿದರು. “ಗಂಡ ತಲಿ ಹಿಡಕೊಂಡ ಕುಂತಾನ, ನೀ ಜೋಕಾಲಿ ಆಡಾಕ ಹೋಗ್ತೀ ಏನ? ಇವಂಗ ಆರಾಮ ಆಗೂತನಕ ಎಲ್ಲಿಗೂ ಹೋಗೂದ ಬ್ಯಾಡ.”

ಮೈಯೆಲ್ಲ ಉರಿಯಿತು. ಆದರೆ ಸಿಟ್ಟು ನುಂಗಿ ಬೆಣ್ಣೆಯಂಥ ದನಿ ತೆಗೆದೆ. “ಅತ್ತಿ, ದೃಷ್ಟಿ ಆಗಿದ್ದ ಖರೇನ. ನಿಮ್ಮ ಮಗಾ ತಲಿಗೆ ಪಟಕಾ ಸುತ್ತಿಕೊಂಡ ಫೋಟೋ ಸ್ಟೇಟಸ್ ಇಟ್ಟಿದ್ರಲ್ಲ, ಊರ ಮಂದಿ ಎಲ್ಲಾ ನೋಡ್ಯಾರ. ದೃಷ್ಟಿ ಫೋನಿನ್ಯಾಗ ಕುಂತೈತಿ.”

ಅತ್ತೆಗೆ ಇದು ಪಟಕ್ಕನೆ ತಲೆಗೆ ಹೋಯಿತು. ಫೋನಿಗೂ ನಿವಾಳಿಸಿದರು. ಅಷ್ಟಕ್ಕೇ ಬಿಡದೆ, ಅದರೊಳಗಿನ ದೃಷ್ಟಿಯನ್ನೆಲ್ಲ ಮೆಣಸಿನಕಾಯಿ ಹೀರಿಕೊಳ್ಳಲಿ ಎಂದು ಚೀಲದೊಳಗೆ ಹುಗಿದು, ಬಾಯಿ ಕಟ್ಟಿ, ಚೀಲದ ಮೇಲೆ ತಾವೇ ಕುಳಿತರು.

“ಯವ್ವಾ, ಯಾರರ ಫೋನ್ ಮಾಡಿದ್ರ?” ಅಂದರು ಇವರು.

“ಮಾಡಿದವ್ರಿಗೆ ಖಾರ ಹತ್ತತೈತಿ, ಸುಮ್ಮನಿರು.”

ದಿನ ಕಳೆದಂತೆ ತಲೆನೋವು ಇಳಿಯಿತು. ಅತ್ತೆ ಊರ ತುಂಬ ತಮ್ಮ ಕೈಗುಣ ಹೇಳಿಕೊಂಡು ಬಂದರು, ನಾನು ತವರಿಗೆ ಹೋಗಲು ಬಟ್ಟೆಯ ಚೀಲ ತುಂಬಿದೆ. ಆದರೆ ಫೋನಿಲ್ಲದ ಗಂಡನಿಗೆ ನಾನು ಕಾಣತೊಡಗಿದೆ. ಅಡುಗೆಮನೆಗೂ ಬೆನ್ನು ಹತ್ತಿದರು. “ಪಲ್ಯಾಕ್ಕ ಉಪ್ಪ ಎಷ್ಟ ಹಾಕ್ತಿ?” “ಈ ಹಂಚ ಯಾವಾಗ ತಂದೀವಿ?” “ನಿನ್ನ ಗಲ್ಲದ ಮ್ಯಾಲಿನ ಮಚ್ಚಿ ಮೊದಲಿಂದ ಐತೇನ?” ಮದುವೆಯಾಗಿ ಇಷ್ಟು ವರ್ಷದ ಮೇಲೆ ಮಚ್ಚೆ ಕಂಡಿತು ನೋಡಿ. ಬೈದೆ. ಒಳಗೊಳಗೆ ಖುಷಿಯೂ ಆಯಿತು.

ಭೀಮೇಶ ಬೈಕು ತಂದು ನಿಲ್ಲಿಸಿದ. ನೋಡಿದರೆ ಇವರೂ ಮುಖ ತೊಳೆದು, ಇಸ್ತ್ರಿ ಅಂಗಿ ಹಾಕಿ ನಿಂತಿದ್ದಾರೆ. “ನಾನೂ ಬರ್ತೇನಿ. ನೀ ಇಲ್ಲಂದ್ರ ಇಲ್ಲಿ ಹೊತ್ತ ಹೋಗೂದಿಲ್ಲ.”

ಪಂಚಮಿ ಹೆಣ್ಣುಮಕ್ಕಳ ಹಬ್ಬ. ಅಳಿಯ ಬಂದು ಕುಳಿತರೆ ಅವ್ವ ಒಲೆಯ ಮುಂದೆ, ನಾನು ಅವಳ ಕೈಕೆಳಗೆ, ಜೋಕಾಲಿಯಲ್ಲಿ ಓಣಿಯ ಬೇರೆ ಹುಡುಗಿಯರು. ಭೀಮೇಶ ಬೈಕಿನ ಸೀಟನ್ನೇ ನೋಡುತ್ತಿದ್ದ.

ಅತ್ತೆ ಹಿತ್ತಲಿಗೆ ಹೋದದ್ದೇ ತಡ, ಮೆಣಸಿನಕಾಯಿ ಚೀಲ ಬಿಚ್ಚಿ ಫೋನು ತೆಗೆದೆ. ಸೆರಗಿನಿಂದ ಒರೆಸಿ, ಚಾರ್ಜಿಗೆ ಹಚ್ಚಿ ಕೈಗೆ ಕೊಟ್ಟೆ. “ಸ್ವಲ್ಪ ಹೊತ್ತ ನೋಡಿ ಇಟ್ಟಬಿಡ್ರಿ.” ಇವರು ಜೋರಾಗಿ ಸೀನಿದರು, ಮೂಗು ಒರೆಸಿಕೊಂಡರು, ಕುತ್ತಿಗೆ ಬಗ್ಗಿಸಿದರು. “ಹೋಗಿ ಬರ್ತೇನ್ರಿ,” ಅಂದೆ. “ಹ್ಞೂಂ,” ಅಂದರು. ತಲೆ ಎತ್ತಲಿಲ್ಲ.

ಬೈಕು ಓಣಿ ದಾಟುವವರೆಗೂ ತಿರುಗಿ ತಿರುಗಿ ನೋಡಿದೆ. ಬಾಗಿಲಿಗೆ ಯಾರೂ ಬರಲಿಲ್ಲ. ಮಾಡಿದ್ದು ನಾನೇ, ಆದರೂ ಅಳು ಬಂತು. ಊರಾಚೆ ಬೈಕು ನಿಲ್ಲಿಸಿ, ಭೀಮೇಶನ ಫೋನು ಇಸಿದುಕೊಂಡು ಇವರಿಗೆ ಹಚ್ಚಿದೆ. ಒಂದು ರಿಂಗು ಪೂರ್ತಿ ಆಗುವ ಮೊದಲೇ ಎತ್ತಿದರು.

“ಇಷ್ಟ ಲಗೂ ಎತ್ತಿದ್ರಿ ಅಂದ್ರ ಇನ್ನೂ ಕೈಯಾಗನ ಐತಿ. ಕೆಳಗ ಇಡ್ರಿ.”

“ನೀ ಮಾಡ್ತಿ ಅಂತನ ಹಿಡಕೊಂಡ ಕುಂತೇನಿ,” ಅಂದರು.

ಹಸಿ ಸುಳ್ಳು. ಎತ್ತು ನೋಡುತ್ತಿದ್ದರು, ನನಗೆ ಗೊತ್ತಿಲ್ಲವೇ? ಆದರೂ ಭೀಮೇಶನಿಗೆ ತಡಿ ಎಂದು ಸನ್ನೆ ಮಾಡಿ, ರಸ್ತೆಯ ಬದಿಗೆ ಬಿಸಿಲಲ್ಲೇ ನಿಂತೆ. ಮಚ್ಚೆಯ ಮಾತು ಬಂತು, ಹಂಚಿನ ಮಾತು ಬಂತು. ಭೀಮೇಶ ಬೈಕಿನ ಮೇಲೆ ಆಕಳಿಸಿ ಆಕಳಿಸಿ ಸುಸ್ತಾದ. ಅಸೂಟಿ ಮುಟ್ಟುವಷ್ಟರಲ್ಲಿ ನನ್ನ ತಲೆ ಸಿಡಿಯುತ್ತಿತ್ತು.