ನೆಂಚೊ ಜೋಡಿಸಿದ್ದ ಮಣೆ

ನೆಂಚೊ ಸತ್ತ ದಿನ ಅವನ ಹೆಂಡತಿ ದೋನ್ಕಾಳ ಎರಡು ಕೈಯೂ ಮೊಣಕೈವರೆಗೆ ಕೆಂಪಾಗಿದ್ದವು. ಸೆಪ್ಟೆಂಬರ್ ತಿಂಗಳು. ಬಾಲ್ಕನ್ ಬೆಟ್ಟದ ಆ ಹಳ್ಳಿಯಲ್ಲಿ ಯಾವ ಅಂಗಳ ನೋಡಿದರೂ ಕೆಂಪು ದೊಣ್ಣೆಮೆಣಸಿನಕಾಯಿ ಸುಡುವ ಹೊಗೆ. ಸುಟ್ಟು, ಸಿಪ್ಪೆ ಸುಲಿದು, ಟೊಮೆಟೊ ಹಾಕಿ ಕುದಿಸಿ ಜಾಡಿಗೆ ತುಂಬಿಟ್ಟರೆ ಚಳಿಗಾಲವಿಡೀ ಬ್ರೆಡ್ಡಿಗೆ ಹಚ್ಚಿಕೊಳ್ಳಲು ಲ್ಯೂತೆನಿತ್ಸ ಸಿದ್ಧ. ಆ ದಿನಗಳಲ್ಲಿ ಅಲ್ಲಿನ ಹೆಂಗಸರನ್ನು ಯಾರೂ ಮಾತಾಡಿಸುವಂತಿಲ್ಲ. ಮಾತಾಡಿಸಿದವರು ಬೈಸಿಕೊಂಡೇ ಹೋಗಬೇಕು.

ಅಂಥ ಹೊತ್ತಿನಲ್ಲಿ ಹಿತ್ತಲಿನ ಶೆಡ್ಡಿನಿಂದ ನೆಂಚೊ ಕೂಗಿದ.

“ದೋನ್ಕಾ, ಲೇ, ಬಾರೇ ಇಲ್ಲಿ, ನೋಡು!”

“ಏನ್ರೀ ನೋಡೋದು? ಕೈಯೆಲ್ಲಾ ಮೆಣಸಿನಕಾಯಿ!”

“ಅಂಟು ಹಾಕಿಬಿಟ್ರೆ ಆಮೇಲೆ ಬದಲಾಯ್ಸೋಕೆ ಆಗಲ್ಲ ಕಣೇ. ಒಂದ್ ಸಲ ನೋಡಿ ಹೆಂಗಿದೆ ಹೇಳಿ ಹೋಗು.”

“ಈ ಒಬ್ಬೆ ಮುಗೀಲಿ, ಬರ್ತೀನಿ. ನಿಮ್ಮ ಮಣೆ ಎಲ್ಲೂ ಓಡಿಹೋಗಲ್ಲ.”

ಒಬ್ಬೆ ಮುಗಿಸಿ, ಸೊಂಟಕ್ಕೆ ಕಟ್ಟಿದ್ದ ಅಡುಗೆಬಟ್ಟೆಗೆ ಕೈ ಒರೆಸಿಕೊಳ್ಳುತ್ತಾ ಅವಳು ಶೆಡ್ಡಿಗೆ ಹೋದಾಗ ನೆಂಚೊ ನೆಲದ ಮೇಲೆ ಬಿದ್ದಿದ್ದ. ಬೀಳುವಾಗ ಬೆಂಚಿಗೆ ಕೈ ಚಾಚಿರಬೇಕು. ಹೆಚ್ಚುವ ಮಣೆಗೆಂದು ಕೊಯ್ದಿದ್ದ ಮರದ ಪಟ್ಟಿಗಳು ಅವನ ಸುತ್ತ, ಅವನ ಕೆಳಗೆ ಚೆಲ್ಲಾಪಿಲ್ಲಿಯಾಗಿದ್ದವು. ಅವಳ ಕಿರುಚಾಟ ಕೇಳಿ ಪಕ್ಕದ ಮನೆಯ ಕಾನ್ಯೊ ಬೇಲಿ ಹಾರಿ ಬಂದ. ಎದೆ ಒತ್ತಿದ, ಹೆಸರು ಹಿಡಿದು ಕೂಗಿದ, ಏನೂ ಆಗಲಿಲ್ಲ.

ಈ ಕಾನ್ಯೊ ಬಹಳ ಒಳ್ಳೆಯ ಮನುಷ್ಯ. ಹೆಣವನ್ನು ಮನೆಯೊಳಗೆ ಸಾಗಿಸಿದ ಮೇಲೆ ಶೆಡ್ಡಿಗೆ ಮರಳಿ ಹೋಗಿ, ಸತ್ತವನ ಸಾಮಾನು ಕಾಲಿಗೆ ಸಿಕ್ಕಬಾರದೆಂದು ಪಟ್ಟಿಗಳನ್ನೆಲ್ಲ ಆರಿಸಿ, ಧೂಳು ಒರೆಸಿ, ಸೇಬಿನ ಪೆಟ್ಟಿಗೆಯಲ್ಲಿ ನೀಟಾಗಿ ಪೇರಿಸಿಟ್ಟ. ಒಳ್ಳೆಯವರ ಅಚ್ಚುಕಟ್ಟುತನದಿಂದ ಈ ಲೋಕದಲ್ಲಿ ಎಷ್ಟು ಹಾಳಾಗಿದೆಯೋ ದೇವರೇ ಬಲ್ಲ.

ನೆಂಚೊ ಹೆಚ್ಚುವ ಮಣೆಗೆ ಹೆಸರಾದವನು. ಕಪ್ಪಗಿನ ಅಕ್ರೋಟು, ಬೆಳ್ಳಗಿನ ಬೀಚ್, ಕೆಂಪಗಿನ ಪ್ಲಮ್ ಮರಗಳ ಉದ್ದುದ್ದ ರೀಪುಗಳನ್ನು ಅಂಟಿಸಿ ಒಂದು ಹಲಗೆ ಮಾಡುವುದು. ಆ ಹಲಗೆಯನ್ನು ಅಡ್ಡಡ್ಡ ಕೊಯ್ದು ಪಟ್ಟಿ ಮಾಡುವುದು. ಆಮೇಲೆ ಮರದ ನಾರಿನ ತುದಿ ಮೇಲೆ ಬರುವಂತೆ ಒಂದೊಂದು ಪಟ್ಟಿಯನ್ನೂ ಎಬ್ಬಿಸಿ ನಿಲ್ಲಿಸಿ, ಹಿಂದುಮುಂದಾಗಿ ತಿರುಗಿಸಿ, ಮತ್ತೆ ಅಂಟಿಸುವುದು. ಚಿತ್ರವೆಲ್ಲ ಆ ತಿರುಗಿಸುವುದರಲ್ಲಿದೆ. ಅಂಥ ಮಣೆಗಳನ್ನು ಊರಿಗೆಲ್ಲ ಮಾಡಿಕೊಟ್ಟವನು ಸ್ವಂತ ಹೆಂಡತಿಗೆ ಮಾಡಿಕೊಟ್ಟಿರಲಿಲ್ಲ. ಮದುವೆಯಲ್ಲಿ ಬಂದ ಮಣೆ ನಡುವೆ ಸವೆದು ದೋಣಿಯಾಗಿದ್ದರೂ ಅವಳು ಅದರಲ್ಲೇ ಈರುಳ್ಳಿ ಹೆಚ್ಚುತ್ತಿದ್ದಳು, ಹೆಚ್ಚುವಾಗಲೆಲ್ಲ ಗೊಣಗುತ್ತಿದ್ದಳು. ಕೊನೆಗೂ ಅವನು ಶುರುಮಾಡಿದ್ದ. ಕೂಗಿದ್ದು ಅದನ್ನು ತೋರಿಸಲಿಕ್ಕೆ.

ಯಾವ ಚಿತ್ರ ಜೋಡಿಸಿ ತೋರಿಸಲಿಕ್ಕೆ ಕೂಗಿದ? ಗಂಡ ಸತ್ತ ದುಃಖ ಎಲ್ಲ ಹೆಂಗಸರಿಗೂ ಬರುವಂಥದ್ದು, ಅತ್ತು ಹಗುರಾಗಬಹುದು. ಆದರೆ ಈ ಒಂದು ಪ್ರಶ್ನೆ ದೋನ್ಕಾಳನ್ನು ಒಳಗಿನಿಂದ ತಿನ್ನತೊಡಗಿತು. ಅವನು ನೋಡೆಂದದ್ದನ್ನು ಒಮ್ಮೆ ನೋಡಬೇಕು, ಚೆನ್ನಾಗಿದೆ ಅನ್ನಬೇಕು, ಅಷ್ಟೇ ಅವಳಿಗೆ ಬೇಕಾಗಿದ್ದದ್ದು.

ನಲವತ್ತನೇ ದಿನದ ಕಾರ್ಯಕ್ಕೆ ಬಂದ ನೆಂಚೊನ ಅಕ್ಕ ತೋತಾ ಚಳಿಗಾಲಕ್ಕೆ ಅಲ್ಲೇ ಉಳಿದಳು. ಗೋಧಿ ಬೇಯಿಸಿ ಹಂಚಿದ್ದಾಯಿತು, ಸಮಾಧಿಯ ಮೇಲೆ ವೈನ್ ಸುರಿದದ್ದಾಯಿತು. ಮನೆಗೆ ಬಂದವಳೇ ದೋನ್ಕಾ ಸೇಬಿನ ಪೆಟ್ಟಿಗೆಯನ್ನು ಅಡುಗೆಮನೆಗೆ ತಂದು ಮೇಜಿನ ಮೇಲೆ ಪಟ್ಟಿ ಜೋಡಿಸಲು ಕುಳಿತಳು. ಒಂದು ಬಿಟ್ಟು ಒಂದು ತಿರುಗಿಸಿದರೆ ಚದುರಂಗದ ಮನೆ ಬಂತು. ಸ್ವಲ್ಪ ಸ್ವಲ್ಪ ಸರಿಸಿದರೆ ಮೆಟ್ಟಿಲು ಬಂತು. ಇನ್ನೊಂದು ರೀತಿಗೆ ಹಾವಿನ ನಡಿಗೆ ಬಂತು. ಎಲ್ಲವೂ ಚಂದವೇ, ಅದೇ ಕಷ್ಟ.

“ಇದಿರಬೋದಾ ಅತ್ತಿಗೆ?”

“ನಿನ್ನೆ ಇನ್ನೊಂದು ಹಾಕಿ ಇದೇ ಮಾತು ಕೇಳ್ದೆ,” ಎಂದಳು ತೋತಾ. “ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು ಅಂತಾರಲ್ಲ, ಹಂಗಾಯ್ತು. ಕರೆದಾಗ ಹೋಗಿದ್ರೆ ಈ ಪಾಡು ಇರ್ತಿತ್ತಾ?”

ಹೇಳಬಾರದ ಮಾತು. ಹೇಳಿದ ಮೇಲೆ ತೋತಾಳೂ ನಾಲಿಗೆ ಕಚ್ಚಿಕೊಂಡಳು, ಎದ್ದು ಚಹಾ ಕಾಸಿದಳು. ದೋನ್ಕಾ ಪಟ್ಟಿಗಳನ್ನು ಒಂದೊಂದಾಗಿ ತೆಗೆದು, ತಂಡಿ ಹಿಡಿಯದಿರಲೆಂದು ಒಲೆಯ ಪಕ್ಕದ ಗೂಡಿನಲ್ಲಿಟ್ಟಳು. ದಿನವೂ ಅಲ್ಲೇ ಇಡುತ್ತಿದ್ದಳು, ಮಗುವನ್ನು ಬೆಚ್ಚಗೆ ಮಲಗಿಸುವ ಹಾಗೆ.

ಹಿಮ ಬೀಳತೊಡಗಿದ ಮೇಲೆ ಒಂದು ದಿನ ಪಟ್ಟಿಗಳ ಒಂದು ಮೈಮೇಲೆ ಪೆನ್ಸಿಲ್ ಗೆರೆಗಳ ತುಂಡುಗಳು ಅವಳ ಕಣ್ಣಿಗೆ ಬಿದ್ದವು. ಅಲ್ಲಿಯವರೆಗೆ ಏಕೆ ಬಿದ್ದಿರಲಿಲ್ಲವೋ! ಪೆಟ್ಟಿಗೆ ಎತ್ತಿಕೊಂಡು, ಕೋಟು ಹಾಕಿಕೊಳ್ಳುವುದನ್ನೂ ಮರೆತು ಕಾನ್ಯೊನ ಮನೆಗೆ ಓಡಿದಳು. ಅವನಿಗೂ ಮರಗೆಲಸ ತಕ್ಕಮಟ್ಟಿಗೆ ಗೊತ್ತು.

“ಗುರುತು ಮಾಡಿದ್ದಾರೆ ಕಾನ್ಯೊ! ನೋಡು, ಗುರುತು ಮಾಡಿದ್ದಾರೆ ಅವರು!”

ಕಾನ್ಯೊ ಪಟ್ಟಿಗಳನ್ನು ಮೇಜಿನ ಮೇಲೆ ಮಲಗಿಸಿ ಗೆರೆಗೆ ಗೆರೆ ಕೂಡಿಸಿದ. ಎಲ್ಲ ಸೇರಿ ಒಂದು ದೊಡ್ಡ ತ್ರಿಕೋನವಾಯಿತು. ದೋನ್ಕಾ ಬಾಯಿಗೆ ಕೈ ಅಡ್ಡ ಹಿಡಿದಳು. ಅವಳ ಮುಖ ಅಷ್ಟು ಬೆಳಗಿದ್ದನ್ನು ಕಾನ್ಯೊ ನೋಡಿ ಎಷ್ಟೋ ಕಾಲವಾಗಿತ್ತು.

“ಇದೇನಾ?”

“ಇದಲ್ಲ ಅಕ್ಕಾ. ಇದು ಕೊಯ್ಯೋಕೆ ಮುಂಚೆ ಹಾಕಿದ ಗುರುತು. ಯಾವ ಪಟ್ಟಿ ಆದ್ಮೇಲೆ ಯಾವ್ದು ಅಂತ ಮರೀಬಾರ್ದಲ್ಲ, ಅದಕ್ಕೆ ಎಲ್ಲಾ ಬಡಗಿಗಳೂ ಹಾಕ್ತಾರೆ. ಇದರ ಪ್ರಕಾರ ಜೋಡಿಸಿದ್ರೆ ಬರೀ ಹಲಗೆ ಬರತ್ತೆ. ಆಮೇಲೆ ಎಬ್ಬಿಸಿ ಯಾವ್ದನ್ನ ಎತ್ತ ತಿರುಗ್ಸಿದ್ರೋ, ಅದು ಅಣ್ಣನ ತಲೇಲಿತ್ತು.”

ದೋನ್ಕಾ ಪೆನ್ಸಿಲ್ ಗೆರೆಯ ಮೇಲೆ ಬೆರಳಾಡಿಸಿದಳು.

“ನೀನು ಶೆಡ್ಡಿಗೆ ಬಂದಾಗ ಬೆಂಚಿನ ಮೇಲೆ ಏನೂ ಉಳಿದಿರಲಿಲ್ವಾ?”

ಕಾನ್ಯೊ ತಲೆ ತಗ್ಗಿಸಿದ. “ನಾಕೈದು ಪಟ್ಟಿ ಇದ್ವು. ನಿಂತ್ಕೊಂಡೇ ಇದ್ವು. ನಾನೇ ತೆಗೆದು ಪೆಟ್ಟಿಗೆಗೆ ಹಾಕ್ದೆ.”

“ಹೆಂಗಿದ್ವು?”

“ನಾನು ಮನುಷ್ಯನ್ನ ನೋಡ್ಲಾ ಅಕ್ಕಾ, ಕಟ್ಟಿಗೆ ನೋಡ್ಲಾ?”

ಅವನದೇನು ತಪ್ಪು? ಅವಳಿಗೂ ಅದು ಗೊತ್ತಿತ್ತು. ಆದರೂ ಆ ಚಳಿಗಾಲದಲ್ಲಿ ಅವಳು ಆ ಮನೆಯ ಹೊಸ್ತಿಲು ಮತ್ತೆ ತುಳಿಯಲಿಲ್ಲ.

ಹಿಮ ಕರಗಿದ ಮೇಲೆ ಒಂದು ಬೆಳಿಗ್ಗೆ ತಾನಾಗಿ ಹೋದಳು. ಸಿಟ್ಟು ಇಳಿದಿತ್ತು, ಆಸೆಯೂ ಇಳಿದಿತ್ತು. “ಯಾವ ಚಿತ್ರ ಆದ್ರೂ ಸರಿ, ಅಂಟಿಸ್ಕೊಡು. ಅವರ ಕೈಯಾರೆ ಕೊಯ್ದ ಮರ. ಅದ್ರ ಮೇಲೆ ಒಂದು ಈರುಳ್ಳಿ ಹೆಚ್ತೀನಿ, ಸಾಕು.”

ಕಾನ್ಯೊ ಎರಡು ಪಟ್ಟಿ ಎತ್ತಿ ಮೈಗೆ ಮೈ ಹಚ್ಚಿ ಕಿಟಕಿಯ ಬೆಳಕಿಗೆ ಹಿಡಿದ. ನಡುವೆ ಬೆರಳು ತೂರುವಷ್ಟು ಸಂದಿಯಲ್ಲಿ ಬೆಳಕು ಬಂತು. ಬೇರೆ ಎರಡು ಹಿಡಿದ. ಅವೂ ಹಾಗೆಯೇ.

“ಇವನ್ನ ಎಲ್ಲಿಟ್ಟಿದ್ದೆ ಅಕ್ಕಾ?”

“ಬೆಚ್ಚಗೆ ಇಟ್ಟಿದ್ದೆ. ಒಲೆ ಪಕ್ಕ.”

ಕಾನ್ಯೊ ಪಟ್ಟಿಗಳನ್ನು ಕೆಳಗಿಟ್ಟ. ಮೂರು ಜಾತಿಯ ಮರ, ಅವುಗಳು ಒಣಗಿ ಕುಗ್ಗುವ ರೀತಿ ಒಂದೊಂದು. ಕೊಯ್ದ ಪಟ್ಟಿಗಳನ್ನು ತಡಮಾಡದೆ ಅಂಟಿಸಿ ಬಿಗಿಯದಿದ್ದರೆ ಅವು ತಮ್ಮ ತಮ್ಮ ದಾರಿ ಹಿಡಿಯುತ್ತವೆ. ಒಲೆಯ ಪಕ್ಕವಂತೂ ಕೇಳುವುದೇ ಬೇಡ. ಎಲ್ಲವೂ ಬಿಲ್ಲಿನಂತೆ ಬಾಗಿದ್ದವು, ಕೆಲವು ಸೀಳಿದ್ದವು. ಆದರೂ ಅವನು ಒಂದನ್ನು ಹಿಡಿದು ಕೀಸುಳಿ ಹಾಕಿ ನೋಡಿದ. ನೇರವಾಗುವ ಹೊತ್ತಿಗೆ ಅದು ಅಡಿಪಟ್ಟಿಯಷ್ಟು ತೆಳ್ಳಗಾಯಿತು.

“ಸಾಕು ಬಿಡು,” ಎಂದಳು ದೋನ್ಕಾ. “ಇರೋದನ್ನೂ ಕೀಸಿ ಹಾಕ್ಬೇಡ.”

ಪೆಟ್ಟಿಗೆಯನ್ನು ಶೆಡ್ಡಿಗೆ ಕೊಂಡೊಯ್ದು ಬೆಂಚಿನ ಕೆಳಗಿಟ್ಟು ಬಂದಳು. ಒಲೆಗೆ ಹಾಕಿಬಿಡು ಎಂದು ತೋತಾ ಹೇಳಿದ್ದಕ್ಕೆ ತಲೆ ಮಾತ್ರ ಆಡಿಸಿದಳು, ಹಾಕಲಿಲ್ಲ. ಮತ್ತೆ ಜೋಡಿಸಲೂ ಇಲ್ಲ. ಎಷ್ಟು ಜೋಡಿಸಿದರೂ ಅವನು ಕೂಗಿದ್ದು ಯಾವುದಕ್ಕೆಂದು ಇನ್ನು ಗೊತ್ತಾಗುವುದಿಲ್ಲ ಎಂಬುದು ಅವಳಿಗೆ ಪೂರ್ತಿ ಗೊತ್ತಾಗಿತ್ತು. ಹಳೆಯ ದೋಣಿಮಣೆಯ ಮೇಲೇ ಈರುಳ್ಳಿ ಹೆಚ್ಚಿದಳು, ಗೊಣಗದೆ.

ಮತ್ತೆ ಸೆಪ್ಟೆಂಬರ್ ಬಂತು. ಅಂಗಳದಲ್ಲಿ ಕೆಂಡ, ಕೆಂಡದ ಮೇಲೆ ತಗಡು, ತಗಡಿನ ಮೇಲೆ ಒಂದು ಒಬ್ಬೆ ಮೆಣಸಿನಕಾಯಿ. ಚಳಿಗಾಲಕ್ಕೆಂದು ಉಳಿದಿದ್ದ ತೋತಾ ಇನ್ನೂ ಹೋಗಿರಲಿಲ್ಲ, ಸಿಪ್ಪೆ ಸುಲಿಯುತ್ತಿದ್ದಳು. ಬೇಲಿಯಾಚೆಯಿಂದ ಕಾನ್ಯೊ ಕೂಗಿದ.

“ದೋನ್ಕಕ್ಕಾ, ಬಾ ಇಲ್ಲಿ, ನೋಡು!”

ದೋನ್ಕಾ ಇಕ್ಕಳ ಕೈಬಿಟ್ಟು ಎದ್ದಳು. ಕೈ ಒರೆಸಿಕೊಳ್ಳಲಿಲ್ಲ. ಬೇಲಿಯ ಸಂದಿಯಲ್ಲಿ ನುಗ್ಗಿ, ಮಂಡಿ ನೋವಿದ್ದವಳು ಓಡಿಯೇ ಹೋದಳು. ಏದುಸಿರು ಬಿಡುತ್ತಾ ಬಂದವಳನ್ನು ನೋಡಿ ಕಾನ್ಯೊ ಗಾಬರಿಯಾದ.

“ಅಯ್ಯೋ, ಅಂಥದ್ದೇನಿಲ್ಲ ಅಕ್ಕಾ. ಈ ಕುಂಬಳಕಾಯಿ... ಎಷ್ಟು ದಪ್ಪ ಆಗಿದೆ ಅಂತ ಕರೆದೆ. ಕೆಲಸ ಬಿಟ್ಟು ಬಂದ್ಯಾ?”

ಅವಳು ಕುಂಬಳಕಾಯಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತಳು. ಈ ಕಡೆಯಿಂದ ನೋಡಿದಳು, ಆ ಕಡೆಯಿಂದ ನೋಡಿದಳು. ಕೆಂಪು ಕೈಯಿಂದ ಅದರ ಮೈ ಸವರಿದಳು.

“ಚೆನ್ನಾಗಿದೆ,” ಎಂದಳು. “ತುಂಬಾ ಚೆನ್ನಾಗಿದೆ ಕಾನ್ಯೊ.”

“ದೋನ್ಕಾ!” ಅಂಗಳದಿಂದ ತೋತಾ ಅರಚಿದಳು. “ಎಲ್ಲಿ ಹಾಳಾಗಿ ಹೋದೆ? ಎಲ್ಲಾ ಸೀದೋಗ್ತಿದೆ!”

ಸೀದ ವಾಸನೆ ಬೇಲಿ ದಾಟಿ ಬಂದಿತ್ತು. ಕಾನ್ಯೊ ಅತ್ತ ನೋಡಿದ, ಇವಳನ್ನು ನೋಡಿದ.

“ಸೀಯ್ಲಿ ಬಿಡಿ ಅತ್ತಿಗೆ,” ಎಂದಳು ದೋನ್ಕಾ, ಯಾರಿಗೂ ಕೇಳಿಸದಷ್ಟು ಮೆಲ್ಲಗೆ, ಕುಳಿತಲ್ಲಿಂದ ಏಳದೆ.