ಆನೆಗೆ ಕಾಲಿರಲಿಲ್ಲ

ನಮ್ಮ ಮನೆಯ ರೇಡಿಯೋ ಬಂದಾಗಿಬಿಟ್ಟಿತ್ತು.

ಕರೆಂಟಿನ ರೇಡಿಯೋ ಅಲ್ಲ, ನನ್ನ ಮೂರು ವರ್ಷದ ಮೊಮ್ಮಗಳು. ಆ ಹೆಸರಿಟ್ಟವನು ನಾನೇ. ಬೆಳಗ್ಗೆ ಕಣ್ಣು ಬಿಡುವುದಕ್ಕೆ ಮೊದಲೇ ಅವಳ ಬಾಯಿ ತೆರೆಯುತ್ತಿತ್ತು. ಇರುವೆಗೆ ಚಪ್ಪಲಿ ಯಾಕಿಲ್ಲ, ಚಂದ್ರ ಹಲ್ಲುಜ್ಜುತ್ತಾನಾ, ತಾತನ ಕಿವಿಯಲ್ಲಿ ಹುಲ್ಲು ಬೆಳೆದದ್ದು ಯಾಕೆ? ದಿನಕ್ಕೆ ಒಂಬತ್ತು ಸಾವಿರ ಪ್ರಶ್ನೆ. ಬೇಕಾದರೆ ನಮ್ಮ ಬೀದಿಯವರನ್ನು ಕೇಳಿ. ಸುಳ್ಳು ನನ್ನ ನಾಲಿಗೆಗೆ ಆಗಿಬರುವುದಿಲ್ಲ.

ಅಂಥವಳು ಶಿಶುವಿಹಾರಕ್ಕೆ ಸೇರಿ ಎರಡು ತಿಂಗಳಾಗುವಷ್ಟರಲ್ಲಿ ಮೌನಗೌರಿಯಾದಳು. ಕೇಳಿದರೆ ತಲೆ ಆಡಿಸುತ್ತಾಳೆ, ಅಷ್ಟೇ. ಡಾಕ್ಟರಿಗೆ ತೋರಿಸಿದೆವು. ಕಿವಿ ನೋಡಿದರು, ನಾಲಿಗೆ ನೋಡಿದರು. “ಎಲ್ಲಾ ಸರಿಯಾಗಿದೆ. ಮಗು ದಿನಾ ಎಲ್ಲಿರುತ್ತೋ ಅಲ್ಲಿ ಒಂದ್ಸಲ ನೋಡಿ” ಎಂದರು.

ನನ್ನ ಮಗಳು ಬಸ್ ಕಂಡಕ್ಟರ್. ಮೊದಲ ಬಸ್ಸು ಅವಳದ್ದೇ. ಅವತ್ತು ಸಂಜೆ ಬ್ಯಾಗು ಕೆಳಗಿಟ್ಟವಳೇ, “ಅಪ್ಪಾ, ಇನ್ನೊಂದು ತಿಂಗಳು ಹೀಗೇ ಆದ್ರೆ ನಾನು ಕೆಲಸ ಬಿಟ್ಬಿಡ್ತೀನಿ. ಮಗು ಮಾತೇ ಹೋದ್ಮೇಲೆ ದುಡಿದು ಏನು ಮಾಡ್ಲಿ?” ಎಂದಳು.

“ಹುಚ್ಚಿ! ಅಂಥ ಶಿಶುವಿಹಾರ ಹುಡುಕಿದ್ರೂ ಸಿಗುತ್ತೇನೇ? ಅದರ ಗೋಡೆ ಬರೆದೋರು ಯಾರು?”

“ಗೊತ್ತಪ್ಪಾ. ನೀನೇ. ದಿನಾ ಹೇಳ್ತೀಯಲ್ಲ.”

ನಾನು ಬಣ್ಣದ ಕೆಲಸದವನು. ಈ ಭೂಮಿಯ ಮೇಲೆ ನನಗಿಂತ ಚೆನ್ನಾಗಿ ಬ್ರಷ್ ಹಿಡಿಯುವವರು ಇಬ್ಬರು. ಒಬ್ಬ ತೀರಿಕೊಂಡ, ಇನ್ನೊಬ್ಬ ಇನ್ನೂ ಹುಟ್ಟಿಲ್ಲ. ಒಂದು ಸಲ ನಾನು ಬರೆದ ಹಣ್ಣನ್ನು ಕುಕ್ಕಲು ಹೋದ ಗಿಳಿ ಕೊಕ್ಕು ಮುರಿದುಕೊಂಡಿತ್ತು. ಆ ಶಿಶುವಿಹಾರದ ಗೋಡೆಗೆ ಆನೆ, ಜಿರಾಫೆ, ನವಿಲು, ಹಡಗು ಎಲ್ಲವನ್ನೂ ಬರೆದಿದ್ದೆ. ಆನೆಯನ್ನು ನೋಡಿ ಪೋಸ್ಟ್‌ಮ್ಯಾನ್ ಸೈಕಲ್ ಬಿಟ್ಟು ಓಡಿದ್ದ. ಅದಕ್ಕೇ ಮೊಮ್ಮಗಳನ್ನು ಅಲ್ಲೇ ಸೇರಿಸಿ ಎಂದು ಹಟ ಹಿಡಿದವನೂ ನಾನೇ.

ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಒಬ್ಬಳು ಬಾಡಿಗೆಗಿದ್ದಾಳೆ. ಶಿಶುವಿಹಾರಗಳು ಹೇಗಿವೆ ಎಂದು ನೋಡಿ ವರದಿ ಬರೆಯುವುದು ಅವಳ ಕೆಲಸ. ಅವಳ ಪ್ಯಾಂಟುಗಳೆಲ್ಲ ಮಂಡಿಯಲ್ಲೇ ಸವೆದಿರುತ್ತವೆ. ಹಾಗಾಗಿ ನಾನು ಅವಳನ್ನು ಮಂಡಿಯಕ್ಕ ಎಂದು ಕರೆಯುತ್ತೇನೆ. ನಮ್ಮ ಮಾತು ಕೇಳಿಸಿಕೊಂಡು ಅವಳು ಬಾಗಿಲಿಗೆ ಬಂದಳು.

“ತಾತಾ, ಒಂದಿನ ನಾವೂ ಹೋಗಿ ನೋಡ್ಕೊಂಡು ಬರೋಣ್ವಾ?”

“ನೋಡೋದೇನಮ್ಮಾ ಇದೆ? ನೆಲ ಕನ್ನಡಿ ಥರ ಇದೆ. ಮಕ್ಕಳು ಕೈಕಟ್ಟಿ ಕೂತ್ರೆ ಸೊಳ್ಳೆ ಆಕಳಿಸಿದ್ರೂ ಕೇಳ್ಸುತ್ತೆ. ಅದು ಶಿಸ್ತು! ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?”

“ಬಗ್ಸೋಕೆ ಮೊದಲು ಗಿಡಕ್ಕೆ ನೀರು ಹಾಕ್ಬೇಕಲ್ವಾ ತಾತಾ?”

“ಸರಿ, ನೀನೇ ಬಂದು ನೋಡು, ಆಮೇಲೆ ಹೇಳು” ಎಂದೆ.

ಮಗಳು ರಜೆ ಹಾಕಿದಳು. ಶಿಶುವಿಹಾರ ನಡೆಸುವ ದೊಡ್ಡ ಟೀಚರಿಗೆ ಮೊದಲೇ ಹೇಳಿ, ಒಪ್ಪಿಗೆ ಪಡೆದು, ಮರುದಿನ ಮೂವರೂ ಹೋದೆವು. ಒಳಗೆ ಕಾಲಿಡುತ್ತಿದ್ದಂತೆ ನಾನು ಎದೆಯುಬ್ಬಿಸಿ ಆನೆಯತ್ತ ಕೈ ಚಾಚಿದೆ. “ನೋಡಮ್ಮಾ!”

“ಚೆನ್ನಾಗಿದೆ ತಾತಾ. ಈಗ ಕೆಳಗೆ ಬನ್ನಿ. ಮಗು ಎಲ್ಲಿಂದ ನೋಡುತ್ತೋ ಅಲ್ಲಿಂದ ನೋಡ್ಬೇಕು.” ಅವಳಾಗಲೇ ಮಂಡಿಯೂರಿ ಕೂತಿದ್ದಳು.

ನಾನೂ ಮಂಡಿಯೂರಿದೆ. ನನ್ನ ಮಂಡಿ ಮಾಡಿದ ಸದ್ದಿಗೆ ಮೂರನೇ ಬೀದಿಯ ನಾಯಿ ಬೊಗಳಿತು. ತಲೆಯೆತ್ತಿ ನೋಡಿದರೆ ಆನೆಯೇ ಇಲ್ಲ!

ಇತ್ತು, ಆದರೆ ಮೇಲೆಲ್ಲೋ ಇತ್ತು. ಕತ್ತು ಹಿಂದಕ್ಕೆ ವಾಲಿಸಿದರೆ ಅದರ ಹೊಟ್ಟೆಯ ಅಡಿ ಕಂಡೀತು. ಕಣ್ಣೆದುರಿಗೆ ಇದ್ದದ್ದು ಬರೀ ಕಂದು ಬಣ್ಣ. ಮಕ್ಕಳ ಕೈಯ ಕೊಳೆ ಕಾಣಬಾರದೆಂದು ನೆಲದಿಂದ ಮೂರೂವರೆ ಅಡಿಯವರೆಗೆ ಸುತ್ತಲೂ ಕಂದು ಎಣ್ಣೆಬಣ್ಣ ಬಳಿದಿದ್ದೆ. ಆನೆಯ ಕಾಲುಗಳು ಆ ಪಟ್ಟಿಯಲ್ಲೇ ಮುಳುಗಿದ್ದವು. ನನ್ನ ಮೊಮ್ಮಗಳ ಎತ್ತರ ಮೂರು ಅಡಿ. ಎರಡು ತಿಂಗಳಿಂದ ಅವಳು ತಾತನ ಚಿತ್ರ ನೋಡಿಲ್ಲ, ತಾತನ ಕಂದು ನೋಡಿದ್ದಾಳೆ.

“ಅಪ್ಪಾ, ಈ ಗಾಜು ನೋಡು” ಎಂದು ಮಗಳು ಮೆಲ್ಲಗೆ ಕರೆದಳು. ಮೂಲೆಯಲ್ಲಿ ಆಟದ ಸಾಮಾನಿನ ಗಾಜಿನ ಬೀರು. ಮರದ ತುಂಡುಗಳು, ಬೊಂಬೆ, ಚಿತ್ರದ ಪುಸ್ತಕ, ಎಲ್ಲ ಹೊಸದಾಗಿ ಹೊಳೆಯುತ್ತಿದ್ದವು. ಬೀರುವಿಗೆ ಬೀಗ. ನಿಂತವರ ಕಣ್ಣಿಗೆ ಆ ಗಾಜು ಪಳಪಳ. ಕೂತು ನೋಡಿದರೆ ಮಗುವಿನ ಎತ್ತರಕ್ಕೆ ಸಾಲಾಗಿ ಮಸುಕು ಮಸುಕು ಗುಂಡನೆಯ ಗುರುತುಗಳು.

“ಏನಿದು?” ಎಂದೆ.

“ಮೂಗು ತಾತಾ” ಎಂದಳು ಮಂಡಿಯಕ್ಕ. “ಮಕ್ಕಳ ಮೂಗು.”

ಆಮೇಲೆ ಅವಳು ನನ್ನ ಎಡಜೇಬಿಗೆ ಒಂದು ಹಿಡಿ ಅಂಗಿಯ ಗುಂಡಿ ಸುರಿದಳು. “ಕೂತ್ಕೋ, ಸುಮ್ನಿರು, ಮುಟ್ಬೇಡ, ಇವೆಲ್ಲ ಲೆಕ್ಕಕ್ಕಿಲ್ಲ. ಇವು ಬಿಟ್ಟು ದೊಡ್ಡೋರು ಮಗು ಹತ್ರ ಒಂದು ಮಾತಾಡಿದ್ರೆ, ಮಗು ಕೇಳಿದ್ದಕ್ಕೆ ಉತ್ತರ ಕೊಟ್ರೆ, ಒಂದು ಗುಂಡಿ ಬಲಜೇಬಿಗೆ ಹಾಕಿ. ಅರ್ಧ ಗಂಟೆ.”

“ಒಂದು ಹಿಡಿ ಸಾಲಲ್ಲಮ್ಮಾ, ಮೂಟೆ ತರ್ಬೇಕಿತ್ತು” ಎಂದು ನಕ್ಕೆ.

ಇಪ್ಪತ್ತಾರು ಮಕ್ಕಳು, ಒಬ್ಬಳೇ ಆಯಾ. ಪಾಪ, ಅವಳಿಗೆ ಹತ್ತು ಕೈಯಿದ್ದರೂ ಸಾಲದು. ಒಬ್ಬನ ಮೂಗು ಒರೆಸುವಷ್ಟರಲ್ಲಿ ಇನ್ನೊಬ್ಬಳ ಚಡ್ಡಿ ಒದ್ದೆ. ಕೈತೊಳೆಯುವ ನಲ್ಲಿ ಎತ್ತರದಲ್ಲಿ. ಪ್ರತಿ ಮಗುವನ್ನೂ ಎತ್ತಿ ಹಿಡಿಯಬೇಕು. ಬಿದ್ದು ಅತ್ತ ಹುಡುಗನನ್ನು ಮಾತ್ರ ಎತ್ತಿಕೊಂಡು, “ಎಲ್ಲಿ ನೋವಾಯ್ತು ಕಂದಾ, ತೋರ್ಸು” ಎಂದಳು. ಒಂದು ಗುಂಡಿ ಹಾಕಿದೆ.

ಇಲ್ಲಿಂದ ಮುಂದೆ ಹೇಳುವುದರಲ್ಲಿ ನಾನು ಒಂದು ಅಕ್ಷರವನ್ನೂ ದೊಡ್ಡದು ಮಾಡಿಲ್ಲ.

ನನ್ನ ಮೊಮ್ಮಗಳು ಕಿಟಕಿಯ ಕೆಳಗೆ ಸತ್ತುಬಿದ್ದಿದ್ದ ಒಂದು ಜೀರುಂಡೆಯನ್ನು ಅಂಗೈಯಲ್ಲಿಟ್ಟುಕೊಂಡು ಆಯಾ ಹತ್ತಿರ ಹೋದಳು. ಅವಳ ತುಟಿ ತೆರೆಯಿತು. “ಆಯಾ, ಇದು...”

“ಹೋಗಿ ಕೂತ್ಕೋ ಪುಟ್ಟಾ” ಎಂದಳು ಆಯಾ. ಸಿಟ್ಟಿನಿಂದಲ್ಲ. ಅವಳ ಕೈಯಲ್ಲಿ ಇನ್ನೊಂದು ಮಗುವಿತ್ತು.

ತೆರೆದ ತುಟಿ ಮುಚ್ಚಿತು. ಅವಳು ತನ್ನ ಜಾಗಕ್ಕೆ ಹೋಗಿ, ಜೀರುಂಡೆಯನ್ನು ಮುಷ್ಟಿಯಲ್ಲಿಟ್ಟುಕೊಂಡು, ಕಂದು ಗೋಡೆ ನೋಡುತ್ತ ಕೂತಳು.

ನನ್ನಿಂದ ತಡೆಯಲಾಗಲಿಲ್ಲ. ಮಂಡಿಯ ಮೇಲೇ ತೆವಳಿಕೊಂಡು ಹೋಗಿ, “ಅದಕ್ಕೆ ಏನಾಯ್ತೇ ರೇಡಿಯೋ?” ಎಂದೆ. ಅವಳು ನನ್ನ ಮುಖ ನೋಡಿದಳು. ಬಹಳ ಹೊತ್ತು ನೋಡಿದಳು. ಮುಷ್ಟಿ ಬಿಚ್ಚಿ, ಪಿಸುದನಿಯಲ್ಲಿ, “ನಿದ್ದೆ ಮಾಡ್ತಿದೆ. ಎಬ್ಬಿಸ್ಬೇಡ” ಎಂದಳು.

ಎರಡನೇ ಗುಂಡಿ. ಅದು ನನ್ನ ಮಾತಿಗೇ ಬಿದ್ದದ್ದು. ಅರ್ಧ ಗಂಟೆಗೆ ಬಲಜೇಬಿನಲ್ಲಿದ್ದದ್ದು ಆ ಎರಡೇ.

ಎರಡೇ ಗುಂಡಿಯ ಲೆಕ್ಕ ಕೇಳಿ ದೊಡ್ಡ ಟೀಚರು ಮೊದಲು ಕೆರಳಿದರು. ಮಂಡಿಯಕ್ಕ ಬೈಯಲಿಲ್ಲ, ಬೆರಳು ತೋರಿಸಲಿಲ್ಲ. ಕಂಡದ್ದನ್ನು ಕಂಡಂತೆ ಹೇಳಿದಳು. ಟೀಚರು ನನ್ನ ಕಡೆ ತಿರುಗಿದರು.

“ತಾತಾ, ಆರು ವರ್ಷದಿಂದ ಇದನ್ನ ನಡೆಸ್ತಿದೀನಿ. ಸೇರ್ಸೋಕೆ ಬರೋರೆಲ್ಲ ಗೋಡೆ ನೋಡ್ತಾರೆ, ನೆಲ ನೋಡ್ತಾರೆ, ಬರೆಯೋದು ಯಾವಾಗ ಕಲಿಸ್ತೀರಿ ಅಂತಾರೆ. ಆಟದ ಸಾಮಾನು ಮುರಿದ್ರೆ ಜಗಳಕ್ಕೆ ಬರ್ತಾರೆ. ಒಬ್ಬಳೇ ಆಯಾ ಇಷ್ಟು ಮಕ್ಕಳನ್ನ ಹೇಗೆ ನೋಡ್ತಾಳೆ ಅಂತ ಒಬ್ರಾದ್ರೂ ಕೇಳಿದ್ದಾರಾ? ನೀವು ಕೇಳಿದ್ರಾ? ಕೇಳಿದ್ದಿದ್ರೆ ಆನೆ ಬರೆಸೋ ಬದ್ಲು ಇನ್ನೊಬ್ಬ ಆಯಾನ ಇಟ್ಕೋತಿದ್ದೆ.”

ಮೇಲೆ ಥಳಕು, ಒಳಗೆ ಹುಳಕು ಎನ್ನುತ್ತಾರಲ್ಲ, ಆ ಥಳಕು ಬಳಿದವನು ನಾನೇ ಎಂದು ಅವತ್ತು ಗೊತ್ತಾಯಿತು.

ಮಗಳು ಕಂಡಕ್ಟರ್ ಅಲ್ಲವೇ, ಜನ ಸೇರಿಸುವುದು ಅವಳಿಗೆ ನೀರು ಕುಡಿದಷ್ಟು ಸುಲಭ. ಭಾನುವಾರ ತಂದೆತಾಯಿಯರನ್ನೆಲ್ಲ ಕರೆದು ಮಂಡಿಯ ಮೇಲೆ ಕೂರಿಸಿದಳು. ಎಲ್ಲರೂ ಆ ಮೂಗಿನ ಗುರುತುಗಳನ್ನು ನೋಡಿದರು. “ಒಂದೆರಡು ಗೊಂಬೆ ಮುರಿದ್ರೆ ಮುರೀಲಿ ಬಿಡಿ” ಎಂದು ಮೊದಲು ಅಂದವರು, ಹಿಂದೆ ಜಗಳಕ್ಕೆ ಬಂದಿದ್ದ ತಾಯಿಯೇ. ಬೀರುವಿನ ಬೀಗ ತೆರೆಯಿತು. ಎಲ್ಲರೂ ಸ್ವಲ್ಪ ಸ್ವಲ್ಪ ದುಡ್ಡು ಹಾಕಿದ್ದರಿಂದ ಒಂದು ತಿಂಗಳಲ್ಲಿ ಎರಡನೇ ಆಯಾ ಬಂದಳು. ನಲ್ಲಿಯ ಕೆಳಗೆ ಅಗಲವಾದ ಮೆಟ್ಟಿಲು ಬಂತು. ದಿನಕ್ಕೊಂದು ಗಂಟೆ ಯಾರಾದರೊಬ್ಬರು ಅಜ್ಜ ಅಜ್ಜಿ ಬಂದು ಕಥೆ ಹೇಳುವುದೆಂದಾಯಿತು. ನನ್ನ ಸರದಿ ಮುಗಿಯುವುದೇ ಇಲ್ಲ ಎಂದು ಉಳಿದವರು ದೂರು ಕೊಟ್ಟಿದ್ದಾರೆ. ಹೊಟ್ಟೆಕಿಚ್ಚು!

ಕಂದು ಪಟ್ಟಿಯನ್ನು ಒಂದೇ ದಿನದಲ್ಲಿ ಕೆರೆದೆಸೆದೆ. ಅದರ ಜಾಗಕ್ಕೆ ಕಪ್ಪು ಹಲಗೆಗೆ ಬಳಿಯುವ ಬಣ್ಣ ಬಳಿದು, ಮಕ್ಕಳ ಕೈಗೆ ಬಣ್ಣದ ಸೀಮೆಸುಣ್ಣ ಕೊಟ್ಟೆ. ನೆಲದಿಂದ ಮೂರೂವರೆ ಅಡಿ ಈಗ ಅವರದ್ದು.

ಮೊನ್ನೆ ಕರೆದುಕೊಂಡು ಬರಲು ಹೋದಾಗ ಬಾಗಿಲಿಗೇ ಸದ್ದು ಕೇಳಿಸಿತು. ನನ್ನ ರೇಡಿಯೋ ಆಯಾಳ ಸೆರಗು ಹಿಡಿದೆಳೆಯುತ್ತ ಏನೋ ವಾದ ಮಾಡುತ್ತಿತ್ತು. ನನ್ನನ್ನು ಕಂಡು ಓಡಿ ಬಂದು, ಕೈ ಹಿಡಿದು ಗೋಡೆಯ ಹತ್ತಿರ ಎಳೆದೊಯ್ದಿತು.

“ತಾತಾ, ನಿನ್ನಾನೆಗೆ ಕಾಲೇ ಇರ್ಲಿಲ್ಲ. ಪಾಪ, ಹೆಂಗೆ ನಡೆಯುತ್ತೆ? ನಾನ್ ಬರ್ದೆ.”

ಬರೆದಿದ್ದಳು. ಆನೆಯ ಹೊಟ್ಟೆಯಿಂದ ನೆಲದವರೆಗೆ, ಸೊಟ್ಟಸೊಟ್ಟಗೆ, ಐದು ಕಾಲು.

“ಐದು ಯಾಕಮ್ಮಾ?”

“ಒಂದು ನೋವಾದ್ರೆ?”

ಮೊದಲು ಹೇಳಿದ ಮಾತನ್ನು ತಿದ್ದುತ್ತೇನೆ. ಈ ಭೂಮಿಯ ಮೇಲೆ ನನಗಿಂತ ಚೆನ್ನಾಗಿ ಬರೆಯುವವರು ಮೂವರು. ಮೂರನೆಯವಳಿಗೆ ಮೂರು ವರ್ಷ.

ಅಕ್ಕಂದಿರೇ, ಅಣ್ಣಂದಿರೇ, ನನ್ನ ಹಾಗೆ ಗೋಡೆ ನೋಡಿ ಮೋಸಹೋಗಬೇಡಿ. ನಿಮ್ಮ ಮಗು ಹೋಗುವ ಶಿಶುವಿಹಾರಕ್ಕೆ ಮೊದಲೇ ತಿಳಿಸಿ ಈ ವಾರವೇ ಹೋಗಿ. ಅರ್ಧ ಗಂಟೆ ನೆಲದ ಮೇಲೆ ಕೂತು ನೋಡಿ. ಆಟದ ಸಾಮಾನು ಮಗುವಿನ ಕೈಗೆ ಎಟಕುತ್ತದೆಯೇ? ಅತ್ತರೆ ಎತ್ತಿಕೊಳ್ಳುವವರಿದ್ದಾರೆಯೇ? ಅದು ಕೇಳಿದ್ದಕ್ಕೆ ಯಾರಾದರೂ ಬಗ್ಗಿ ಉತ್ತರ ಕೊಡುತ್ತಾರೆಯೇ? ಇಲ್ಲವೆಂದರೆ ಜಗಳ ಬೇಡ. ಕೇಳಿ, ಜೊತೆಗೆ ಕೈ ಸೇರಿಸಿ. ಹೋಗುವಾಗ ಜೇಬಿನಲ್ಲಿ ಒಂದು ಹಿಡಿ ಗುಂಡಿ ಇರಲಿ.

ಮಂಡಿ ನೋಯುತ್ತದೆ, ನಿಜ. ನನ್ನದು ಈಗಲೂ ನೋಯುತ್ತಿದೆ. ಆದರೆ ಮನೆಯಲ್ಲಿ ರೇಡಿಯೋ ಹಾಡುತ್ತಿರುವಾಗ ನೋವು ಯಾರಿಗೆ ಕೇಳಿಸುತ್ತದೆ ಹೇಳಿ?