ಸೀಮೆಎಣ್ಣೆಗೆ ಹಾಲು

“ಏಯ್ ಕೆಮುಂತೊ, ಕಣ್ಣೆಲ್ಲಿಟ್ಕೊಂಡಿದೀಯೆ, ಕುಂಡೀಲಾ? ಮತ್ತೆ ಕೆಂಪು!”

ಮೇಸ್ತ್ರಿ ಮುತಿಸೊನ ಕೂಗಿಗೆ ನೈರೋಬಿಯ ಆ ಇಡೀ ಹಜಾರ ತಲೆ ತಗ್ಗಿಸಿತು. ಕೈ ಮಾತ್ರ ಯಾರೂ ನಿಲ್ಲಿಸಲಿಲ್ಲ. ಜನ ಕೇಳುವ ಒಂದೊಂದು ಪ್ರಶ್ನೆಗೂ ಮಾತಾಡುವ ಯಂತ್ರ ಎರಡು ಉತ್ತರ ಕೊಡುತ್ತದೆ. ಯಾವುದು ಮೇಲು ಎಂದು ಇವರು ಒತ್ತಬೇಕು. ಇವರು ಒತ್ತಿದ್ದನ್ನು ನೋಡಿಯೇ ಯಂತ್ರ ಮಾತು ಕಲಿಯುತ್ತದೆ. ಹೆಚ್ಚು ಜನ ಒತ್ತಿದ್ದನ್ನೇ ಒತ್ತಿದರೆ ಪರದೆ ಹಸಿರು, ಇಲ್ಲವಾದರೆ ಕೆಂಪು. ಕೆಂಪು ಹೆಚ್ಚಾದರೆ ಕೆಲಸ ಹೋಗಿ ಗೇಟಿನಾಚೆಗೆ. ಹಾಗಾಗಿ ಯಾರೂ ಪೂರ್ತಿ ಓದುವುದಿಲ್ಲ. ಉದ್ದವಾಗಿದ್ದು, ಕೇಳಿದವರನ್ನು ನಾಲ್ಕು ಮಾತು ಹೊಗಳಿದ್ದರೆ ಅದೇ ಮೇಲು. ಪಕ್ಕದ ಕುರ್ಚಿಗೆ ಹೊಸದಾಗಿ ಬಂದ ನಫುಲಾಗೆ ಈ ಉಪಾಯ ಹೇಳಿಕೊಟ್ಟವಳೂ ಕೆಮುಂತೊಳೇ.

ಈಗ ಕೆಂಪಾದ ಪ್ರಶ್ನೆ ಯಾವಳೋ ತಾಯಿಯದು. ಮಗು ಸೀಮೆಎಣ್ಣೆ ಕುಡಿದುಬಿಟ್ಟಿದೆ, ಹಾಲು ಕುಡಿಸಿ ವಾಂತಿ ಮಾಡಿಸಲೇ? ಮೊದಲ ಉತ್ತರ ಒಂದೇ ಗೆರೆ: ವಾಂತಿ ಮಾಡಿಸಬೇಡಿ, ಈಗಲೇ ಆಸ್ಪತ್ರೆಗೆ ಹೋಗಿ. ಎರಡನೆಯದು ಪರದೆ ತುಂಬ: ನಿಮ್ಮಂಥ ತಾಯಿ ಸಿಕ್ಕಿದ್ದು ಮಗುವಿನ ಅದೃಷ್ಟ, ನಿಮ್ಮ ಯೋಚನೆ ಸರಿಯಾಗಿಯೇ ಇದೆ, ಧೈರ್ಯವಾಗಿ ಹಾಲು ಕುಡಿಸಿ... ಕೆಮುಂತೊ ಒತ್ತಿದ್ದು ಮೊದಲನೆಯದನ್ನು.

“ಸಾರ್, ನನ್ ತಮ್ಮಂಗೂ ಹಿಂಗೇ ಹಾಲು ಕುಡ್ಸಿ ವಾಂತಿ ಮಾಡ್ಸಿದ್ರು. ಎಣ್ಣೆ ಎದೆಗೆ ಇಳಿದು ಉಸಿರು ಕಟ್ಟಿ ಸತ್ತೋದ.”

“ನಿನ್ ತಮ್ಮನ ಹೆಣಕ್ಕೆ ಅಳಕ್ಕಾ ನಿಂಗೆ ಸಂಬ್ಳ ಕೊಡ್ತಿರೋದು? ಓದೋರಿಗೆ ಖುಷಿಯಾಗ್ಬೇಕು ಕಣೇ ಮುಂಡೆ!”

“ಸುಳ್ಳಾದ್ರೂನಾ?”

“ಹಿಂದಿನ ಸಾಲ್ನೋರೆಲ್ಲ ಎರಡನೇದೇ ಒತ್ತವ್ರೆ. ಅವ್ರೆಲ್ಲ ಸುಳ್ಳರು, ನೀನೊಬ್ಳೇ ಸತ್ಯವಂತೆ! ಒತ್ತು. ನನ್ ಕಣ್ಣೆದುರ್ಗೇ ಒತ್ತು.”

ಅದೇ ಪ್ರಶ್ನೆಯನ್ನು ಅವನು ಮತ್ತೆ ಅವಳ ಪರದೆಗೆ ತರಿಸಿದ.

“ಒತ್ಬಿಡಕ್ಕ,” ನಫುಲಾ ಪಿಸುಗುಟ್ಟಿದಳು. “ಕೆಲ್ಸ ಹೋದ್ರೆ ನಿಮ್ಮವ್ವನ ಔಷ್ದಿಗೆ ಏನ್ಮಾಡ್ತೀಯ? ಯಂತ್ರ ತಾನೆ, ಏನಾರ ಕಲ್ತ್ಕೊಳ್ಲಿ.”

ಕೆಮುಂತೊಳ ಬೆರಳು ಎರಡನೆಯದರ ಮೇಲೆ ಹೋಯಿತು, ನಿಂತಿತು, ಹಿಂದಕ್ಕೆ ಬಂದು ಮೊದಲನೆಯದನ್ನು ಒತ್ತಿತು.

ಪರದೆ ಕೆಂಪಾಯಿತು. ಆಮೇಲೆ ಕಪ್ಪಾಯಿತು.

“ಏಳೇ ಮೇಲೆ!”

ಕಾವಲುಗಾರ ಅವಳ ಕೊರಳಿನ ಗುರುತುಚೀಟಿಯನ್ನು ದಾರದ ಸಮೇತ ಎಳೆದುಕೊಂಡ. ಕತ್ತು ಉರಿಯಿತು. ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿದಳು. ಅವಳ ಪಾಲಿನ ಕೆಲಸ ಆಗಲೇ ನಫುಲಾಳ ಪರದೆಗೆ ಬಂದಿತ್ತು. ಅದೇ ತಾಯಿ, ಅದೇ ಮಗು. ಮುತಿಸೊ ಈಗ ನಫುಲಾಳ ಬೆನ್ನ ಹಿಂದೆಯೇ ನಿಂತಿದ್ದ.

ನಫುಲಾ ತೋಳಿನಿಂದ ಕಣ್ಣೊರೆಸಿಕೊಂಡು, ಅಕ್ಕ ಕಲಿಸಿದಂತೆಯೇ ಉದ್ದದ್ದನ್ನು ಒತ್ತಿದಳು.

ಹಸಿರು.